ಗುಂಡಿಯೊಳಗೆ ಕಂದೀಲು ಉರಿಯುತ್ತಿತ್ತು

ಮಯೂರಿಗೆ ವಾಸನೆ ತಿಳಿಯುತ್ತಿರಲಿಲ್ಲ.

ಕೊರೊನಾ ಬಂದು ಹೋದಾಗ ಅದನ್ನೂ ಜೊತೆಗೆ ಒಯ್ದಿತ್ತು. ಎಲ್ಲರಿಗೂ ಮರಳಿ ಬಂತು, ಇವಳಿಗೆ ಬರಲಿಲ್ಲ. ಮಲ್ಲಿಗೆಯೂ ಅಷ್ಟೇ, ಚರಂಡಿಯೂ ಅಷ್ಟೇ. ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಹಳ್ಳಿಗಳ ಗೋಬರ್ ಗ್ಯಾಸ್ ಘಟಕಗಳನ್ನು ಪರೀಕ್ಷಿಸುವ ಒಂದು ಸಂಸ್ಥೆಗೆ ಸೇರಿದಾಗ ಅವಳು ಈ ವಿಷಯವನ್ನು ಯಾರಿಗೂ ಹೇಳಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಒಂದು ಹಳದಿ ಮೀಟರ್ ಕೊಟ್ಟಿದ್ದರು. ಗಾಳಿಯಲ್ಲಿ ವಿಷವಿದ್ದರೆ ಅದು ಚೀರುತ್ತಿತ್ತು.

ಮೂಗಿಗಿಂತ ಅದೇ ನಂಬಿಕಸ್ಥ ಎಂದುಕೊಂಡಿದ್ದಳು.

ಕುಲಗೋಡದ ಹೊರವಲಯದ ಆ ಘಟಕಕ್ಕೆ ಅವಳು ಮೊದಲ ಸಲ ಹೋದಾಗ, ಒಬ್ಬ ಗಂಡಸು ರಾಡಿ ಗುಂಡಿಯ ಬಾಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಗ್ಯಾಸ್ ತೆಗೆದ ಮೇಲೆ ಉಳಿಯುವ ರಾಡಿ ಹರಿದು ಬಂದು ನಿಲ್ಲುವ ಗುಂಡಿ ಅದು. ಪಕ್ಕದಲ್ಲಿ ತಲೆಗೆ ಪಟಗಾ ಸುತ್ತಿದ್ದ ಮುದುಕನೊಬ್ಬ ಹಗ್ಗ ಕಟ್ಟಿದ ಕಂದೀಲನ್ನು ಒಳಗೆ ಇಳಿಸಿ, ಬಗ್ಗಿ ನೋಡುತ್ತಿದ್ದ.

"ಉರಿಯಾಕತ್ತೈತಿ. ಇಳೀಯಪ್ಪಾ," ಎಂದ ಮುದುಕ.

ಗಂಡಸು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ.

ಅಷ್ಟರಲ್ಲಿ ಮಯೂರಿಯ ಸೊಂಟದ ಮೀಟರ್ ಚೀರಿತು!

"ಮ್ಯಾಲ ಬರ್ರಿ! ಏ... ಮ್ಯಾಲ ಬರ್ರಿ!"

ಅವಳು ಓಡಿ ಹೋಗಿ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದಳು. ಅಂಗಿಯ ಒಂದು ಬಟನ್ ಕಿತ್ತು ಹಾರಿತು. ಅವನು ಹಿಂದಕ್ಕೆ ಬಿದ್ದ; ಅವನ ಮೇಲೆ ಅವಳು ಬಿದ್ದಳು. ಪಕ್ಕದ ಹಿಟ್ಟಿನ ಗಿರಣಿಗೆ ಜೋಳ ಬೀಸಿಸಿಕೊಂಡು ಹೋಗಲು ಬಂದಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು.

"ಯಾರ್ರೀ ನೀವು? ಹುಚ್ಚ ಹಿಡದೈತೇನ?" ಅವನು ಎದ್ದು ಮೈ ಝಾಡಿಸಿಕೊಂಡ. ಉದ್ದ ಮೂಗು, ಬಿಸಿಲಿಗೆ ಸುಟ್ಟ ಮುಖ, ಸಿಟ್ಟಿನಲ್ಲಿ ಕೆಂಪಾದ ಕಿವಿ.

"ಒಳಗ ವಿಷದ ಗ್ಯಾಸ್ ಐತಿ. ಮೀಟರ್ ಹೊಡಕೊಳ್ಳಾಕತ್ತಿದ್ದು ಕೇಳಲಿಲ್ಲೇನು?"

"ಮುಂಜಾನಿ ಇತ್ತು. ತತ್ತಿ ಕೊಳತಂಗ ನಾರತಿತ್ತು. ಇಲ್ಲೇ ಕುಂತ ಕುಂತ ನೋಡೇನಿ, ಈಗ ವಾಸನಿ ಹೋಗೇತಿ."

"ವಾಸನಿ ಹೋಗಿಲ್ಲ. ನಿಮ್ಮ ಮೂಗ ಸತ್ತೈತಿ!"

ಹೆಂಗಸರು ಕಿಸಕ್ಕನೆ ನಕ್ಕರು. ಅವನ ಕಿವಿ ಇನ್ನೂ ಕೆಂಪಾಯಿತು.

"ಈ ಗ್ಯಾಸ್ ಸ್ವಲ್ಪ ಇದ್ದಾಗ ನಾರತೈತಿ. ಜಾಸ್ತಿ ಆದಾಗ ಮೂಗಿನ ನರಾನ ಜೋಮ ಹಿಡಸತೈತಿ. ವಾಸನಿ ಬರಂಗಿಲ್ಲಂದ್ರ ಹೆದರಬೇಕ್ರಿ, ಇಳೀಬಾರದು."

"ನಿಮಗೆಷ್ಟ ನಾರಾಕತ್ತೈತಿ ಈಗ?"

ಮಯೂರಿ ತಡವರಿಸಿದಳು. "ನನಗ... ನನಗ ವಾಸನಿನ ಬರಂಗಿಲ್ಲ."

"ಹಾಂ?! ಮೂಗಿಲ್ಲದಾಕಿ ನನ್ನ ಮೂಗ ಸತ್ತೈತಿ ಅಂತಾಳ, ನೋಡ್ರೆವಾ!"

ಈಗ ಎಲ್ಲರೂ ನಕ್ಕರು. ಅವಳಿಗೂ ನಗು ಬಂತು. ಅವನಿಗೂ.

ಅವನು ದುಂಡೇಶ. ಕುರಿಗಾರರ ಮನೆಯವನು. ಕುರಿ ಹಿಕ್ಕಿಯನ್ನೂ ಸಕ್ಕರೆ ಕಾರ್ಖಾನೆಯಿಂದ ಬರುವ ಕಬ್ಬಿನ ರಾಡಿಯನ್ನೂ ಸೇರಿಸಿ ಗ್ಯಾಸ್ ಮಾಡಿ, ಅದರಿಂದ ಇಂಜಿನ್ ಓಡಿಸಿ, ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಕರೆಂಟು ಬಂದಾಗ ಬರಲಿ, ಅವನ ಗಿರಣಿ ನಿಲ್ಲುತ್ತಿರಲಿಲ್ಲ.

ಮುದುಕ ಮಾಲಿಂಗಪ್ಪ, ಅವನ ತಂದೆ. ಅವನು ಮಾತ್ರ ನಗಲಿಲ್ಲ. ಕಂದೀಲನ್ನು ಮೇಲೆ ಎಳೆದುಕೊಂಡು, ಗಾಜು ಒರೆಸುತ್ತ ಕೇಳಿದ:

"ಯಾವ ಊರವಾ ನಿಂದು?"

"ಕೊಣ್ಣೂರ್ರಿ ಕಾಕಾ."

"ಯಾರ ಮಗಳು?"

"ವಿಠ್ಠಲನ ಮಗಳು. ಅಪ್ಪ ಇಲ್ಲ. ನಾ ಸಣ್ಣಾಕಿ ಇದ್ದಾಗ ಫ್ಯಾಕ್ಟರಿ ಗುಂಡ್ಯಾಗ ಹೋದ."

ಗಾಜು ಒರೆಸುತ್ತಿದ್ದ ಕೈ ನಿಂತಿತು. ಮುದುಕ ಕಂದೀಲು ಹಿಡಿದುಕೊಂಡು ಎದ್ದು ಹೋದ.

---

ಆಮೇಲೆ ಪ್ರತಿ ಗುರುವಾರ ಅವಳು ಕುಲಗೋಡಕ್ಕೆ ಬರತೊಡಗಿದಳು.

ಗ್ಯಾಸಿನಲ್ಲಿದ್ದ ಅದೇ ವಿಷ ದುಂಡೇಶನ ಇಂಜಿನ್ನನ್ನೂ ತಿನ್ನುತ್ತಿತ್ತು. ಹಿತ್ತಾಳೆಯ ಭಾಗಗಳು ಕಪ್ಪಾಗಿ ಉದುರುತ್ತಿದ್ದವು. ಅವಳು ಗ್ಯಾಸನ್ನು ಅಳೆದಳು, ರಾಡಿಯ ಹುಳಿ ಅಳೆದಳು, ಕಬ್ಬಿನ ರಾಡಿ ಕಡಿಮೆ ಮಾಡಿ ಹಿಕ್ಕಿ ಹೆಚ್ಚು ಹಾಕಿಸಿದಳು. ಅವಳು ಹೇಳಿದ್ದನ್ನೆಲ್ಲ ದುಂಡೇಶ ಮಾಡುತ್ತಿದ್ದ, ಆದರೆ ವಾದ ಮಾಡದೆ ಏನನ್ನೂ ಮಾಡುತ್ತಿರಲಿಲ್ಲ.

ಮೊದಲ ಗುರುವಾರ ಅವನ ತಾಯಿ ಕೆಂಪವ್ವ ಅವಳಿಗೆ ಪೇಪರ್ ಕಪ್ಪಿನಲ್ಲಿ ಚಹಾ ಕೊಟ್ಟಳು. ಮನೆಯವರಿಗೆಲ್ಲ ಸ್ಟೀಲ್ ಲೋಟ. ಮಯೂರಿ ನೋಡಿದಳು, ತೆಗೆದುಕೊಂಡು ಕುಡಿದಳು. ಕೊಣ್ಣೂರಿನ ಅವರ ಓಣಿಯಲ್ಲಿ ಹುಟ್ಟಿದವರಿಗೆ ಇದು ಹೊಸದಲ್ಲ. ಮನೆಯಲ್ಲಿ ಬುದ್ಧನ ಫೋಟೋ ಇಟ್ಟುಕೊಂಡರೂ, ಎಂ.ಎಸ್ಸಿ. ಮಾಡಿದರೂ, ಪೇಪರ್ ಕಪ್ಪು ಬೆನ್ನು ಬಿಡುವುದಿಲ್ಲ.

ಮುಂದಿನ ವಾರ ದುಂಡೇಶ ಅಡುಗೆಮನೆಗೆ ಹೋಗಿ ತನ್ನ ಲೋಟದಲ್ಲೇ ಚಹಾ ತಂದು ಅವಳ ಮುಂದಿಟ್ಟ. ತಾನು ಪೇಪರ್ ಕಪ್ಪಿನಲ್ಲಿ ಕುಡಿದ.

"ಇದ್ಯಾಕ್ರಿ?"

"ನನಗ ಪೇಪರ್ ಕಪ್ಪಂದ್ರ ಬಾಳ ಸೇರತೈತಿ," ಎಂದ, ತಾಯಿಗೆ ಕೇಳುವಂತೆ.

ಒಳಗೆ ಪಾತ್ರೆಗಳ ಸಪ್ಪಳ ಜೋರಾಯಿತು. ಆದರೆ ನಂತರದ ವಾರ ಎಲ್ಲರಿಗೂ ಸ್ಟೀಲ್ ಲೋಟವೇ ಬಂತು.

ಅವನಿಗೆ ಇನ್ನೊಂದು ಚಟ ಹತ್ತಿತ್ತು. ಎದುರಿಗೆ ಏನೇ ಬರಲಿ, ಅದರ ವಾಸನೆ ಹೇಗಿದೆ ಎಂದು ಅವಳಿಗೆ ಹೇಳುವುದು.

"ಈಗ ಜ್ವಾಳದ ಹಿಟ್ಟ ಬಿಸಿ ಬಿಸಿ ಬೀಳಾಕತ್ತೈತಿ ನೋಡ್ರಿ... ಹೊಸಾ ಗೋಡಿಗೆ ನೀರ ಉಗ್ಗಿದಂಗ ಐತಿ."

"ಹೌದಾ? ಹಿಟ್ಟ ಹಂಗ ಇರತಿತ್ತಾ? ಮರತೇನಿ."

"ಮಳಿಯಾಗ ನೆಂದ ಕುರಿ ಅಂದ್ರ, ನಮ್ಮ ಸೋದರಮಾವನ ಕಂಬಳಿ. ಬ್ಯಾಡ ಬಿಡ್ರಿ, ಅದು ಗೊತ್ತಾಗದಿದ್ದರ ಚಲೋ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ವರ್ಷಗಳಿಂದ ಜಗತ್ತು ಅವಳಿಗೆ ಗಾಜಿನ ಆಚೆ ಇದ್ದಂತಿತ್ತು. ಈ ಮನುಷ್ಯ ಗಾಜಿಗೆ ತೂತು ಕೊರೆಯುತ್ತಿದ್ದಾನೆ...

'ಬೇಡ ಮಯೂರಿ. ಅವರ ಮನೆ ಬೇರೆ, ನಮ್ಮ ಮನೆ ಬೇರೆ.'

ಆದರೆ ಗುರುವಾರ ಬಂತೆಂದರೆ ಬಸ್ಸು ನಿಧಾನ ಎನ್ನಿಸುತ್ತಿತ್ತು.

---

ವಿಷ ಹಿಡಿಯುವ ಸೋಸು ಕೊಳವೆ ಮಾಡಬೇಕಿತ್ತು. ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಪೈಪಿನಲ್ಲಿ ಗ್ಯಾಸ್ ಹಾಯಿಸಿದರೆ, ತುಕ್ಕು ಆ ವಿಷವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣದ ಚೂರು ತರಲು ಇಬ್ಬರೂ ಬೈಕಿನಲ್ಲಿ ಗೋಕಾಕದ ಒಂದು ಲೇಥ್ ಅಂಗಡಿಗೆ ಹೋದರು.

ಅಂಗಡಿಯವನು ಅಜಿತ, ದುಂಡೇಶನ ಗೆಳೆಯ. "ಎಲ್ಲಾರೂ ಹುಡಗ್ಯಾರಿಗೆ ಕರದಂಟ ಕೊಡಸತಾರ, ನೀ ಕಬ್ಬಣದ ಚೂರ ಕೊಡಸಾಕತ್ತಿಯೇನ್ಲೇ?" ಎಂದು ಕಿಚಾಯಿಸಿದ.

"ಸುಮ್ನಿರಲೇ! ಮೇಡಂ ಅವರು."

"ಮೇಡಂ ಅಂತ! ಕಿವಿ ನೋಡ್ಲೇ ನಿಂದು, ಕೆಂಡ ಆಗೇತಿ."

ವಾಪಸ್ ಬರುವಾಗ ಘಟಪ್ರಭೆಯ ಸೇತುವೆ ದಾಟಿ ಅವನು ಬೈಕ್ ನಿಲ್ಲಿಸಿದ. ಚೂರಿನ ಚೀಲ ಅವರಿಬ್ಬರ ನಡುವೆ ಇತ್ತು. ಅವನು ಹೊಳೆಯ ಕಡೆ ನೋಡುತ್ತ ಹೇಳಿದ:

"ಮಯೂರಿ... ನಾ ಸುತ್ತ ಬಳಸಿ ಮಾತಾಡಾಂವಲ್ಲ. ನನ್ನ ಲಗ್ನ ಆಗತೀರೇನು?"

ಅವಳು ಅವನ ಕಡೆ ತಿರುಗಿದಳು.

"ನಿಮ್ಮ ಮನ್ಯಾಗ ಏನಂತಾರ?"

"ಒದರತಾರ. ಆಮ್ಯಾಲ ಸುಮ್ನಾಗತಾರ. ಸುಮ್ನಾಗಲಿಲ್ಲಂದ್ರ ನಾ ಗಿರಣ್ಯಾಗ ಇರತೇನಿ. ನೀವು ಹೂಂ ಅಂದ್ರ ಸಾಕು."

'ಹೂಂ' ಎಂಬುದು ಗಂಟಲಿಗೆ ಬಂದಿತ್ತು. ಅದನ್ನು ಅವಳು ಹಿಡಿದಿಟ್ಟಳು. ಅವ್ವ ಗುಡ್ಡವ್ವನಿಗೆ ಮೊದಲು ಹೇಳಬೇಕು.

"ಮುಂದಿನ ಗುರುವಾರ ಹೇಳತೇನಿ."

ಅವನು ತಲೆಯಾಡಿಸಿದ. ದಾರಿಯುದ್ದಕ್ಕೂ ಒಂದು ವಾಸನೆಯನ್ನೂ ವರ್ಣಿಸಲಿಲ್ಲ.

---

ಕುಲಗೋಡಕ್ಕೆ ಮರಳಿದಾಗ ದುಂಡೇಶ ಚೂರು ತುಕ್ಕು ಹಿಡಿಯಲೆಂದು ನೀರಿನಲ್ಲಿ ನೆನೆಸಲು ಹೋದ. ಮಯೂರಿ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಳು. ಮಾಲಿಂಗಪ್ಪ ಬಂದು ಎದುರಿಗೆ ಕೂತ. ಇಷ್ಟು ವಾರಗಳಲ್ಲಿ ಅವನು ಅವಳ ಜೊತೆ ಮಾತಾಡಿರಲಿಲ್ಲ.

"ನಿಮ್ಮಪ್ಪನ ಹಗ್ಗ ನನ್ನ ಕೈಯಾಗಿತ್ತವಾ," ಎಂದ.

ಅವಳಿಗೆ ಮೊದಲು ಅರ್ಥವಾಗಲಿಲ್ಲ.

"ಕುರಿ ಹೊಲದಾಗ ತರಬಿ ನಿಲ್ಲಿಸಿದ ಮ್ಯಾಲ, ಬ್ಯಾಸಗ್ಯಾಗ ನಾವು ಬಾವಿ ಹೂಳ ತಗಿಯಾಕ ಹೋಗತಿದ್ವಿ. ಫ್ಯಾಕ್ಟರಿಯವರು ಗುಂಡಿ ಬಳ್ಯಾಕ ಕರದ್ರು. ವಿಠ್ಠಲ ಇಳಿಯಾಂವ, ನಾ ಹಗ್ಗ ಹಿಡಿಯಾಂವ. ಕಂದೀಲ ಬಿಟ್ಟ ನೋಡಿದ್ನಿ. ಚಂದ ಉರೀತಿತ್ತು. ಇಳಿ ಅಂದ್ನಿ."

ಮುದುಕ ನೆಲ ನೋಡುತ್ತಿದ್ದ.

"ಬಾವಿಯೊಳಗ ಗಾಳಿ ಇಲ್ಲಂದ್ರ ಕಂದೀಲ ಆರತೈತಿ. ನಮ್ಮಪ್ಪ ಹಂಗ ನೋಡಿದ, ನಮ್ಮಜ್ಜ ಹಂಗ ನೋಡಿದ. ಯಾರೂ ಸತ್ತಿಲ್ಲ. ಅವತ್ತೂ ಆರಿರಲಿಲ್ಲವಾ. ಹಂಗಾರ ವಿಠ್ಠಲ ಯಾಕ ಸತ್ತ? ನೀ ಕಲತಾಕಿ, ಹೇಳು. ಎದಿ ಹೊಡದಿತ್ತೇನು? ಕಾಲ ಜಾರಿತ್ತೇನು?"

ಅವನು ಒಂದು ಸುಳ್ಳನ್ನು ಬೇಡುತ್ತಿದ್ದ. ಅದು ಅವಳಿಗೆ ಗೊತ್ತಾಯಿತು.

ಅಪ್ಪನ ಮುಖ ಅವಳಿಗೆ ಸರಿಯಾಗಿ ನೆನಪಿಲ್ಲ. ಬಿಳಿ ಬಟ್ಟೆಯ ಹೊರಗೆ ಕಂಡ ಕಪ್ಪು ರಾಡಿಯ ಕಾಲುಗಳು ನೆನಪಿವೆ. ಆ ಕಾಲುಗಳಿಗಾಗಿಯೇ ಅವಳು ಈ ವಿಷಯ ಓದಿದ್ದು.

"ಕಂದೀಲ ಗಾಳಿ ಐತೋ ಇಲ್ಲೋ ಅಷ್ಟ ಹೇಳತೈತಿ ಕಾಕಾ. ಈ ವಿಷ ಅದಕ್ಕ ತಿಳ್ಯಾಂಗಿಲ್ಲ. ಮನಷ್ಯಾ ಸತ್ತಬೀಳತಾನ, ದೀಪ ಉರಕೋತ ಇರತೈತಿ. ರಾಡಿ ಗುಂಡ್ಯಾಗ ಕಂದೀಲ ಸುಳ್ಳ ಹೇಳತೈತಿ."

"ಅಂದ್ರ... ಅಂವ ಸತ್ತಿದ್ದು ನನ್ನ ಮಾತಿಗೆ."

'ಇಲ್ಲ ಕಾಕಾ, ನಿಮಗ ಗೊತ್ತಿರಲಿಲ್ಲ, ನಿಮ್ಮ ತಪ್ಪಲ್ಲ.' ಇಷ್ಟು ಹೇಳಿದ್ದರೆ ಸಾಕಿತ್ತು.

ಅವಳು ಹೇಳಲಿಲ್ಲ. ಬಾಯಿ ಬರಲಿಲ್ಲ ಎಂದಲ್ಲ, ಹೇಳುವ ಮನಸ್ಸಾಗಲಿಲ್ಲ. ಬಸ್ಸು ಬಂತು. ಅವಳು ಹತ್ತಿಕೊಂಡು ಹೋದಳು.

---

ಗುರುವಾರ.

ಬಸ್ಸಿನ ಕಿಟಕಿಯ ಪಕ್ಕ ಕೂತು ಮಯೂರಿ ಮನಸ್ಸಿನಲ್ಲೇ 'ಹೂಂ' ಅಂದು ನೋಡಿದಳು. ಅವ್ವನಿಗೆ ಎಲ್ಲವನ್ನೂ ಹೇಳಿದ್ದಳು, ಹಗ್ಗದ ಮಾತನ್ನೂ. ಗುಡ್ಡವ್ವ ಬಹಳ ಹೊತ್ತು ಅತ್ತು, ಕಡೆಗೆ, "ಮುದುಕಗ ಪಾಪ, ಏನ ಗೊತ್ತಿತ್ತು? ಹೋಗಿ ಒಂದ ಮಾತ ಸಮಾಧಾನ ಹೇಳಿ ಬಾ," ಎಂದಿದ್ದಳು. ಇವತ್ತು ಎರಡು ಮಾತು ಹೇಳಬೇಕಿತ್ತು. ಮಗನಿಗೊಂದು, ತಂದೆಗೊಂದು.

ಕೆಂಪವ್ವ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು.

"ಕಾಕಾ ಎಲ್ಲದಾರ್ರಿ?"

"ಗ್ಯಾಸಿನ ಕಡೆ ಹೋಗ್ಯಾರವಾ. ಹಾಡ ಹಗಲ ಕಂದೀಲ ಹಚ್ಚಕೊಂಡ ಹೋಗ್ಯಾರ! ಅರವು ಮರವು ಆಗೇತಿ ಮುದುಕಗ," ಎಂದು ನಕ್ಕಳು.

ಮಯೂರಿ ಚೀಲ ಅಲ್ಲೇ ಎಸೆದು ಓಡಿದಳು.

ಗುಂಡಿಯ ಮೇಲಿನ ಹಾಸುಗಲ್ಲು ಸರಿದಿತ್ತು. ಕಂಬಕ್ಕೆ ಕಟ್ಟಿದ ಕಂದೀಲಿನ ಹಗ್ಗ ಒಳಗೆ ಇಳಿದಿತ್ತು. ಒಳಗಿನ ರಾಡಿಯ ಹೆಪ್ಪನ್ನು ಕೋಲಿನಿಂದ ಕಲಕಿ ಒಡೆದದ್ದು ಕಾಣುತ್ತಿತ್ತು. ಕಲಕಿದರೆ ಅಡಗಿದ್ದ ವಿಷ ಮೇಲೇಳುತ್ತದೆ; ಮುದುಕ ಬೇಕೆಂದೇ ಕಲಕಿದ್ದ. ಕಂದೀಲು ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ, ತಾನೇ ಇಳಿದು ನೋಡಿದ್ದ.

ಮೀಟರ್ ಚೀರತೊಡಗಿತು. ಅವಳು ಬಗ್ಗಿ ನೋಡಿದಳು. ಪಟಗಾ ಒಂದು ಕಡೆ, ಮುದುಕ ಒಂದು ಕಡೆ, ರಾಡಿಯಲ್ಲಿ ಬೋರಲು.

"ದುಂಡೇಶ್! ಅರ್ಜುನಣ್ಣಾ! ಬರ್ರೀ...!"

ಗಿರಣಿಯಿಂದ ದುಂಡೇಶನೂ ಅವನ ಕೆಲಸದವ ಅರ್ಜುನನೂ ಓಡಿ ಬಂದರು. ದುಂಡೇಶ ಒಳಗೆ ನೋಡಿದ.

"ಯಪ್ಪಾ!"

ಮರುಕ್ಷಣ ಅವನು ಏಣಿಯ ಮೇಲಿದ್ದ. ಮಯೂರಿ ಹಿಂದಿನಿಂದ ಅವನ ಎರಡೂ ಕಾಲುಗಳನ್ನು ತಬ್ಬಿ ಹಿಡಿದು ಹೊರಗೆ ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು.

"ಬಿಡು! ನಮ್ಮಪ್ಪ ಅದಾನ ಅಲ್ಲಿ!"

"ಬಿಡಂಗಿಲ್ಲ! ಇಳದ್ರ ನೀವೂ ಬರಂಗಿಲ್ಲ!"

"ಉಸಿರ ಹಿಡದ ಇಳೀತೇನಿ! ಬಿಡ... ಬಿಡ ಅಂದ್ನೆಲ್ಲ!"

"ಅರ್ಜುನಣ್ಣಾ, ಗಾಳಿ ಪಂಪ್ ಹಚ್ಚ್ರಿ! ಪೈಪ್ ಒಳಗ ಬಿಡ್ರಿ!"

"ಕರೆಂಟ್ ಇಲ್ಲವಾ!"

"ಇಂಜಿನ್ ಹಚ್ಚ್ರಿ! ಗ್ಯಾಸಿನ ಇಂಜಿನ್!"

ಅರ್ಜುನ ಓಡಿದ. ಇಂಜಿನ್ ಕೆಮ್ಮಿತು, ನಿಂತಿತು. ಮತ್ತೆ ಕೆಮ್ಮಿತು. ದುಂಡೇಶ ಒದ್ದಾಡಿದ, ಬೈದ, ಅತ್ತ. ಅವನ ಮೊಣಕೈ ಬಡಿದು ಅವಳ ತುಟಿ ಒಡೆಯಿತು. ಬಾಯಲ್ಲಿ ರಕ್ತ ತುಂಬಿತು. ಅವಳು ಬಿಡಲಿಲ್ಲ. ಕಣ್ಣು ಮುಚ್ಚಿ, ಮುಖವನ್ನು ಅವನ ಕಾಲಿಗೆ ಒತ್ತಿ, ಹಿಡಿದೇ ಇದ್ದಳು.

ಇಂಜಿನ್ ಹತ್ತಿತು. ಗಾಳಿ ಒಳಗೆ ಹೋಯಿತು. ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಅದು ಸುಮ್ಮನಾಗುವ ತನಕ ಅವಳು ಯಾರನ್ನೂ ಇಳಿಯಗೊಡಲಿಲ್ಲ. ಆಮೇಲೆ ಅರ್ಜುನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಮುದುಕನನ್ನು ಮೇಲೆ ಕಳಿಸಿದ.

ಮಾಲಿಂಗಪ್ಪ ಹೋಗಿದ್ದ. ಮೂಡಲಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದೂ ಅದನ್ನೇ.

ಗುಂಡಿಯೊಳಗೆ, ಹಗ್ಗದಲ್ಲಿ ತೂಗುತ್ತಿದ್ದ ಕಂದೀಲು ಇನ್ನೂ ಉರಿಯುತ್ತಿತ್ತು. ಅದನ್ನು ಆರಿಸಲು ಯಾರಿಗೂ ಕೈ ಬರಲಿಲ್ಲ.

---

ಮಣ್ಣಾದ ಮೇಲೆ ಅವಳು ಅಂಗಳದ ಮೂಲೆಯಲ್ಲಿ ನಿಂತಿದ್ದಳು. ದುಂಡೇಶ ಎದುರಿಗೆ ಬಂದ. ಅವನ ಕಣ್ಣುಗಳು ಒಣಗಿದ್ದವು.

"ನನ್ನ ಬಿಟ್ಟಿದ್ರ ಎಳಕೊಂಡ ಬರತಿದ್ನಿ."

"ಇಲ್ರಿ... ಆಗತಿರಲಿಲ್ಲ..."

"ಎಲ್ಲಾ ಗೊತ್ತೈತಿ ನನಗ. ಅಪ್ಪ ಹೇಳ್ಯಾನ. ನಿಮ್ಮಪ್ಪನ ಹಗ್ಗ ಹಿಡದಾಂವ ಇವನ ಅಂತ ನಿನಗ ಗೊತ್ತಾಗಿತ್ತು. ಅದಕ್ಕ ನನ್ನ ಕಾಲ ಹಿಡದಿ. ಸೇಡ ತೀರಿತೇನು?"

ಅವಳ ಕೈ ಒಡೆದ ತುಟಿಗೆ ಹೋಯಿತು.

"ಹೋಗು. ಇನ್ನ ನಮ್ಮ ಕಡೆ ಬರಬ್ಯಾಡ."

ಅವಳು ಹೋದಳು. ಸೊಂಟದಲ್ಲಿ ಮೀಟರ್ ಇರಲಿಲ್ಲ ಎಂಬುದು ಗೊತ್ತಾದದ್ದು ಬಸ್ಸಿನಲ್ಲಿ.

---

ಅವಳು ಕೇಳಿಕೊಂಡದ್ದಕ್ಕೆ ಸಂಸ್ಥೆಯವರು ಹುಕ್ಕೇರಿ ತಾಲೂಕಿಗೆ ಹಾಕಿದರು. ಹತ್ತರಗಿಯ ಹೆದ್ದಾರಿ ಬದಿಯ ಒಂದು ಕಟ್ಟಡದ ಮಾಳಿಗೆ ಮೇಲೆ ಧೂಳು ಅಳೆಯುವ ಯಂತ್ರ. ಧೂಳು ಹಿಡಿಯುವ ಕಾಗದ ಹಾಕು, ತೆಗೆ, ತೂಗು. ಇಲ್ಲಿ ಗುಂಡಿಗಳಿರಲಿಲ್ಲ. ಅದಕ್ಕೇ ಅವಳು ಇದನ್ನು ಕೇಳಿದ್ದು.

ಆದರೆ ಗುಂಡಿ ಅವಳ ಜೊತೆಗೇ ಬಂದಿತ್ತು.

ಲಾರಿ ಹಾರ್ನ್ ಹೊಡೆದರೆ ಮೀಟರ್ ಚೀರಿದಂತೆ ಕೇಳಿ ಮೈ ಬೆವರುತ್ತಿತ್ತು. ಕೊಡದಲ್ಲಿ ಬಗ್ಗಿ ನೋಡಿದರೆ ತಳದಲ್ಲಿ ಒಂದು ಹಳದಿ ಬೆಳಕು. ಕಣ್ಣು ಮುಚ್ಚಿದರೆ ಮುದುಕ ಎದುರಿಗೆ ಕೂತು, "ಕಾಲ ಜಾರಿತ್ತೇನವಾ?" ಎಂದು ಕೇಳುತ್ತಿದ್ದ. ಪ್ರತಿ ಸಲವೂ ಅವಳು ಬಾಯಿ ತೆರೆಯುತ್ತಿದ್ದಳು. ಪ್ರತಿ ಸಲವೂ ಬಸ್ಸು ಬಂದುಬಿಡುತ್ತಿತ್ತು.

ಅವಳು ತನ್ನನ್ನೇ ಕೇಳಿಕೊಂಡಳು, ಬಿಡದೆ ಕೇಳಿಕೊಂಡಳು:

'ನನ್ನ ಕೈ ಅಷ್ಟು ಬಿಗಿಯಾಗಿದ್ದದ್ದು ದುಂಡೇಶನ ಜೀವಕ್ಕಾ? ಪೂರ್ತಿ ಅದಕ್ಕೇನಾ? ಎಲ್ಲೋ ಒಂದು ಮೂಲೆಯಲ್ಲಿ... ನನ್ನಪ್ಪನೂ ಹೀಗೇ ಒಬ್ಬನೇ ಬಿದ್ದಿದ್ದ ಅಂತ ಅನ್ನಿಸಿತ್ತಾ?'

ವಿಜ್ಞಾನದಲ್ಲಿ ಇದನ್ನು ಅಳೆಯುವ ಉಪಕರಣ ಇರಲಿಲ್ಲ.

ಇತ್ತ ಕುಲಗೋಡದಲ್ಲಿ ದುಂಡೇಶನ ಕೈಗೆ ಗುಂಡಿಯ ಪಕ್ಕದಲ್ಲಿ ಅವಳ ಹಳದಿ ಮೀಟರ್ ಸಿಕ್ಕಿತ್ತು. ಮೊದಲು ಅದನ್ನು ಎಸೆಯಲು ಹೋದ. ಎಸೆಯಲಿಲ್ಲ. ಒಂದು ದಿನ ಹಗ್ಗಕ್ಕೆ ಮೀಟರ್ ಕಟ್ಟಿ, ಪಕ್ಕದಲ್ಲಿ ಅಪ್ಪನ ಕಂದೀಲನ್ನೂ ಕಟ್ಟಿ, ಕೋಲಿನಿಂದ ರಾಡಿ ಕಲಕಿ, ಗಾಳಿ ಬರುವ ದಿಕ್ಕಿಗೆ ದೂರ ನಿಂತು ಇಳಿಸಿದ.

ಮೀಟರ್ ಚೀರಿತು. ಕಂದೀಲು ಚಂದವಾಗಿ ಉರಿಯಿತು.

ಅವನು ನಂಬಲಿಲ್ಲ. ಮರುದಿನ ಮತ್ತೆ ಮಾಡಿದ. ಅದರ ಮರುದಿನವೂ. ಹೊಲದ ಕೆಲಸ ಬಿಟ್ಟು, ಗಿರಣಿ ಅರ್ಜುನನಿಗೆ ಬಿಟ್ಟು, ಅದನ್ನೇ ಮಾಡತೊಡಗಿದ. ಊರವರು ದುಂಡೇಶನಿಗೆ ದೆವ್ವ ಹಿಡಿದಿದೆ ಎಂದರು. ಕಡೆಗೆ ಕೆಂಪವ್ವ ಬಂದು ಅವನ ಕೈಯಿಂದ ಹಗ್ಗ ಕಿತ್ತುಕೊಂಡಳು.

"ಎಷ್ಟ ಸಲ ನೋಡತೀಯೋ? ಏನ ಹುಡಕಾಕತ್ತಿ?"

"ನಾ ಇಳದಿದ್ರ ಬದಕಿಸ್ತಿದ್ನೇನವಾ ಅಪ್ಪನ್ನ?"

ಕೆಂಪವ್ವ ಗುಂಡಿಯ ಕಡೆ ನೋಡಲಿಲ್ಲ. ಮಗನ ಮುಖ ನೋಡಿದಳು.

"ನನಗ ನಿನ್ನ ಯಂತ್ರ ತಿಳ್ಯಾಂಗಿಲ್ಲ. ಗಂಡನ್ನ ಒಯ್ದ ಇಟ್ಟ ಬಂದೇನಿ. ಆ ಹುಡಗಿ ನಿನ್ನ ಕಾಲ ಹಿಡೀಲಿಲ್ಲಂದ್ರ ಅವತ್ತ ನಾ ಇಬ್ಬರನ್ನ ಒಯ್ಯತಿದ್ನಿ. ಹೋಗಿ ಕರಕೊಂಡ ಬಾ."

---

ಹತ್ತರಗಿಯ ಮಾಳಿಗೆಗೆ ಹತ್ತುವ ಕಬ್ಬಿಣದ ಏಣಿಯ ಸಪ್ಪಳವಾದಾಗ ಮಯೂರಿ ಕಾಗದ ಬದಲಿಸುತ್ತಿದ್ದಳು. ತಿರುಗಿ ನೋಡಿದಳು.

ದುಂಡೇಶ!

ಸೊರಗಿದ್ದ. ಗಡ್ಡ ಬಂದಿತ್ತು. ಕೈಯಲ್ಲಿ ಹಳದಿ ಮೀಟರ್.

ಕೆಳಗೆ ಲಾರಿಗಳು ಹೋಗುತ್ತಲೇ ಇದ್ದವು.

"ಚಾರ್ಜ್ ಮಾಡಿ ಇಟ್ಟಿದ್ನಿ," ಎಂದ ಅವನು ಮೀಟರ್ ಚಾಚಿ.

"ಕಳದ ಹೋತು ಅಂತ ಆಫೀಸಿನ್ಯಾಗ ಹೇಳೇನಿ."

"ಸಿಕ್ತು ಅಂತ ಹೇಳ್ರಿ."

ಅವಳು ತೆಗೆದುಕೊಳ್ಳಲಿಲ್ಲ. ಅವನು ಅದನ್ನು ಯಂತ್ರದ ಪಕ್ಕ ಇಟ್ಟ.

"ಸೇಡು ಅಂದಿದ್ನಿ. ಬಾಯಿಗೆ ಬಂದಂಗ ಅಂದ್ನಿ. ಆಮ್ಯಾಲ ಮೀಟರ್ ಬಿಟ್ಟ ನೋಡಿದ್ನಿ, ಕಂದೀಲೂ ಬಿಟ್ಟ ನೋಡಿದ್ನಿ. ನಾ ಇಳದಿದ್ರ ಸಾಯತಿದ್ನಿ. ನನ್ನ ಹಿಂದ ಅರ್ಜುನ ಇಳೀತಿದ್ದ, ಅಂವನೂ ಸಾಯತಿದ್ದ. ತಪ್ಪಾತ್ರಿ."

ಇಷ್ಟಕ್ಕೇ ಮುಗಿಸಬಹುದಿತ್ತು. ತಪ್ಪಾಯಿತು ಎಂದ, ಕ್ಷಮಿಸಿದೆ ಎಂದರೆ ಆಯಿತು. ಆದರೆ ಮಯೂರಿಗೆ ಅದು ಸಾಲದಾಗಿತ್ತು.

"ಒಂದ ಮಾತ ಕೇಳ್ರಿ. ಆಮ್ಯಾಲ ಬೇಕಾದ್ರ ಹೋಗ್ರಿ. ಕಾಕಾ ನನ್ನ ಮುಂದ ಕುಂತ, 'ಅಂವ ಸತ್ತಿದ್ದು ನನ್ನ ಮಾತಿಗೆ' ಅಂದ್ರು. ಹಂಗಲ್ಲ ಕಾಕಾ ಅಂತ ಒಂದ ಮಾತ ನಾ ಅನ್ನಬಹುದಿತ್ತು. ಅನ್ನಲಿಲ್ಲ. ಬೇಕಂತ ಸುಮ್ನ ಕುಂತ್ನಿ. ಅವರಿಗೆ ನೋವಾಗಲಿ ಅಂತ ಕುಂತ್ನಿ. ಅದಕ್ಕ ಅವರು ಇಳದ್ರು."

ದುಂಡೇಶನ ಮುಖ ಬಿಗಿಯಿತು. ಅವನು ತಿರುಗಿ ಕಟ್ಟೆಗೆ ಕೈಯೂರಿ ರಸ್ತೆ ನೋಡುತ್ತ ನಿಂತ. ಅವಳು ಕಾದಳು. ಇಳಿದು ಹೋಗುವ ಸಪ್ಪಳಕ್ಕೆ ಕಾದಳು.

"ನೋವಾತು," ಎಂದ ಅವನು ಕಡೆಗೆ. "ಇಲ್ಲ ಅಂತ ಸುಳ್ಳ ಹೇಳಂಗಿಲ್ಲ."

"ಹೋಗ್ರಿ ಮತ್ತ."

"ಹೋಗಾಕ ಬಂದಿಲ್ಲ." ಅವನು ಅವಳ ಕಡೆ ತಿರುಗಿದ. "ತಪ್ಪ ನಂದೂ ಐತಿ ಮಯೂರಿ. ಅವತ್ತ ಮುಂಜಾನಿ ಅಪ್ಪ ನನ್ನ ಕೇಳಿದ, 'ಕಂದೀಲ ಸುಳ್ಳ ಹೇಳತೈತೇನೋ?' ಅಂತ. ಗಿರಣ್ಯಾಗ ಗಿರಾಕಿ ಇದ್ರು. 'ಹೂಂ, ಸುಳ್ಳ ಹೇಳತೈತಿ, ಬಿಡ ಈಗ' ಅಂದ್ನಿ. ತಲಿ ಎತ್ತಿ ಅವನ ಮಾರಿನೂ ನೋಡಲಿಲ್ಲ. ಅದನ್ನ ಯಾರಿಗೂ ಹೇಳಿಲ್ಲ. ನಿನ್ನ ಬೈದ್ರ ಅದು ಹಗರ ಆಗತೈತಿ ಅಂದಕೊಂಡಿದ್ನಿ. ಆಗಲಿಲ್ಲ."

ಅವಳು ಅಳತೊಡಗಿದಳು. ಸಪ್ಪಳವಿಲ್ಲದೆ, ನಿಂತಲ್ಲೇ. ಅಪ್ಪ ಸತ್ತ ಮೇಲೆ ಅವಳು ಹಾಗೆ ಅತ್ತಿರಲಿಲ್ಲ. ಅವನು ಬಂದು ಪಕ್ಕದಲ್ಲಿ ನಿಂತ. ಮುಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಅವನ ತೋಳಿಗೆ ಹಣೆ ಇಟ್ಟಳು.

"ಗುಂಡಿ ಏನ ಮಾಡಿದ್ರಿ?"

"ಮುಚ್ಚಲಿಲ್ಲ. ಮುಚ್ಚಿದ್ರ ಗಿರಣಿ ನಿಲ್ಲತೈತಿ. ಕಬ್ಬಣದ ಜಾಳಿಗಿ ಬಡದ ಬೀಗಾ ಹಾಕೇನಿ. ಮ್ಯಾಲ ನಿಂತ ರಾಡಿ ಎತ್ತಾಕ ಪಂಪ್ ಕುಂದ್ರಿಸೇನಿ. ಇನ್ನ ಅದರಾಗ ಯಾರೂ ಇಳ್ಯಾಂಗಿಲ್ಲ. ಬಾಜೂ ಊರಾಗೂ ಹೋಗಿ ಹೇಳಬೇಕು. ಎಲ್ಲಾ ಕಡೆ ಕಂದೀಲ ಹಿಡಕೊಂಡ ನಿಂತಾರ. ನಾ ಹೇಳಿದ್ರ ಯಾರೂ ಕೇಳಂಗಿಲ್ಲ. ನೀ ಬರಬೇಕು."

"ಬರೇ ಅದಕ್ಕ ಕರಿಯಾಕತ್ತೀರೇನು?"

"ಅಲ್ಲ."

ಅವನ ಕಿವಿ ಕೆಂಪಾಗಿತ್ತು.

"ಅವತ್ತ ಬಸ್ಸಿನ್ಯಾಗ ಹೂಂ ಅಂತ ಹೇಳಾಕ ಬರಾಕತ್ತಿದ್ನಿ," ಎಂದಳು ಅವಳು.

"ಈಗ?"

"ಈಗೂ ಹೂಂ. ಆದ್ರ ಹೆದರಿಕಿ ಐತ್ರಿ. ಕಣ್ಣ ಮುಚ್ಚಿದ್ರ ಕಾಕಾ ಬಂದ ಕುಂದರತಾರ. ನಿದ್ದಿ ಬರಂಗಿಲ್ಲ."

"ನನಗೂ ಬರಂಗಿಲ್ಲ."

"ಇಬ್ಬರೂ ಹಿಂಗಾದ್ರ ಸಂಸಾರ ಹೆಂಗ ಮಾಡೂದ್ರಿ?"

"ಇಬ್ಬರೂ ಎಚ್ಚರಿರೂಣು. ಒಬ್ಬೊಬ್ಬರ ಎಚ್ಚರಿರೂಕಿಂತ ಚಲೋ."

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

ಮದುವೆ ಹುಕ್ಕೇರಿಯ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಗುಡ್ಡವ್ವನೂ ಕೆಂಪವ್ವನೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಇನ್ನೂ ಇಬ್ಬರಿಗೆ ಆಗುವಷ್ಟು ಜಾಗ ಇತ್ತು. ಅಲ್ಲಿ ಯಾರೂ ಕೂರಲಿಲ್ಲ.

ವಿಠ್ಠಲ ಒಬ್ಬ. ಮಾಲಿಂಗಪ್ಪ ಒಬ್ಬ. ಹೋದವರು ಇಬ್ಬರು.